ಮನೆವಾರ್ತೆಯ ಯಂತ್ರಗಳು: ಹಳೆಯ ಜೀಪಿನ ಶುಶ್ರೂಷೆ

ಮಲೆನಾಡಿನ ಮತ್ತು ಕೊಡಗಿನ ತೋಟದ ಮನೆಗಳಲ್ಲಿ ಜೀಪೆಂಬುದು ವಿಲಾಸದ ವಸ್ತುವಲ್ಲ. ಕೊಟ್ಟಿಗೆಯ ಎತ್ತಿನಂತೆ ಅದೂ ಮನೆಯ ದುಡಿಮೆಗಾರರಲ್ಲಿ ಒಂದು. ಗೊಬ್ಬರದ ಮೂಟೆಯನ್ನು ಹೊರುವುದೂ ಅದೇ, ಮಕ್ಕಳನ್ನು ಬಸ್ಸಿನ ದಾರಿಯವರೆಗೆ ಮುಟ್ಟಿಸುವುದೂ ಅದೇ, ಆಷಾಢದ ನಡುರಾತ್ರಿಯಲ್ಲಿ ಹೆರಿಗೆಯ ಬೇನೆ ಕಾಣಿಸಿದ ಹೆಣ್ಣುಮಗಳನ್ನು ಹಳ್ಳ ದಾಟಿಸಿ ಆಸ್ಪತ್ರೆಗೆ ಒಯ್ಯುವುದೂ ಅದೇ. ಇಂತಹ ದುಡಿಮೆಗಾರನ ಯೋಗಕ್ಷೇಮವನ್ನು ಮನೆಯ ಯಜಮಾನನು ಪೂರ್ತಿಯಾಗಿ ಪರರ ಕೈಗೊಪ್ಪಿಸಿ ನಿಶ್ಚಿಂತನಾಗಿರಲಾಗದು. ಹಳೆಯ ಜೀಪನ್ನು ಮನೆಯಲ್ಲಿಯೇ ಹೇಗೆ ಆರೈಕೆಮಾಡಬಹುದು, ಅದಕ್ಕೆ ಯಾವ ಸುಧಾರಣೆಗಳು ಸಲ್ಲುವುವು, ಯಾವುವು ಸಲ್ಲವು ಎಂಬುದನ್ನು ಈ ತಿಂಗಳು ವಾಚಕರ ಮುಂದಿಡುವೆವು.

ಈ ಗಾಡಿಯು ಹುಟ್ಟಿದುದು ಯುದ್ಧಕ್ಕಾಗಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕೆಂದು ವಿಲ್ಲೀಸ್ ಕಂಪನಿಯವರು ಇದನ್ನು ತಯಾರಿಸಿದರು. ೧೯೪೫ರಲ್ಲಿ ಸ್ಥಾಪಿತವಾದ ಮಹೀಂದ್ರ ಸಂಸ್ಥೆಯವರು ೧೯೪೦ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಇವನ್ನು ಜೋಡಿಸತೊಡಗಿದರು. ೧೯೮೦ರ ದಶಕದಲ್ಲಿ ಪ್ಯೂಜೋ ವಿನ್ಯಾಸದ ಡೀಸೆಲ್ ಎಂಜಿನು ಇದರ ಹೊಟ್ಟೆಯನ್ನು ಸೇರಿತು. ಇಷ್ಟೆಲ್ಲ ಬದಲಾದರೂ ದೇಹದ ಕಟ್ಟು ಬಹುಮಟ್ಟಿಗೆ ಹಿಂದಿನದೇ ಆಗಿ ಉಳಿಯಿತು: ಏಣಿಯಂತಹ ಉಕ್ಕಿನ ಚೌಕಟ್ಟು, ಅದರ ಕೆಳಗೆ ಎರಡು ಗಟ್ಟಿ ಅಚ್ಚುಗಳು, ನಡುವೆ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗುಗಳು. ಬಗ್ಗಿ ನೋಡಿದರೆ ಎಲ್ಲವೂ ಕಣ್ಣಿಗೆ ಕಾಣುವುವು. ಸ್ಪ್ಯಾನರು ಹಿಡಿದರೆ ಬಹುಭಾಗ ಕೈಗೆ ಎಟುಕುವುವು. ಗೃಹಸ್ಥನಿಗೆ ಇದಕ್ಕಿಂತ ಹೆಚ್ಚಿನ ಅನುಕೂಲವು ಬೇರೊಂದಿಲ್ಲ.

ಆದರೆ ಹಳೆಯ ಜೀಪನ್ನು ಕೊಂಡವರಲ್ಲಿ ಅನೇಕರು ಮೊದಲು ಹಣ ಸುರಿಯುವುದು ಹೊಸ ಬಣ್ಣಕ್ಕೆ, ದಪ್ಪನೆಯ ಟೈರುಗಳಿಗೆ. ಇದು ಗೋಡೆ ಬಿರುಕು ಬಿಟ್ಟಿರುವಾಗ ಸುಣ್ಣ ಬಳಿದಂತೆ. ಖರ್ಚಿಗೆ ಒಂದು ಕ್ರಮವುಂಟು: ಮೊದಲು ಗಾಡಿಯನ್ನು ನಿಲ್ಲಿಸುವ ಅಂಗ, ಎರಡನೆಯದಾಗಿ ತಿರುಗಿಸುವ ಅಂಗ, ಮೂರನೆಯದಾಗಿ ದಾರಿ ತೋರಿಸುವ ಅಂಗ, ಆಮೇಲೆ ಓಡಿಸುವ ಅಂಗ, ಅಲಂಕಾರವು ಎಲ್ಲಕ್ಕಿಂತ ಕಡೆಗೆ. ನಾವೂ ಇದೇ ಕ್ರಮವನ್ನು ಅನುಸರಿಸುವೆವು.

ನಿಲ್ಲಿಸುವ ಅಂಗ. ಬಹಳ ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಒಂದೇ ಎಣ್ಣೆಯ ದಾರಿ. ಒಂದು ಚಕ್ರದ ಬಳಿ ನಳಿಗೆ ಒಡೆದು ಎಣ್ಣೆ ಸೋರಿತೆಂದರೆ ನಾಲ್ಕರ ಬ್ರೇಕೂ ಒಮ್ಮೆಗೇ ಹೋಗುವುದು. ಆದುದರಿಂದ ತಿಂಗಳಿಗೊಮ್ಮೆ ನಾಲ್ಕು ಚಕ್ರಗಳ ಒಳಮೈಯನ್ನೂ ಬಗ್ಗಿ ನೋಡತಕ್ಕದ್ದು. ಅಲ್ಲಿ ತೇವದ ಗುರುತು ಕಂಡರೆ ಅದು ಎಚ್ಚರಿಕೆಯ ಗಂಟೆ. ಎಂಜಿನನ್ನು ನಿಲ್ಲಿಸಿ ಬ್ರೇಕಿನ ಪೆಡಲನ್ನು ಒಂದೇ ಸಮನೆ ಒತ್ತಿ ಹಿಡಿಯಿರಿ. ಅದು ಮೆಲ್ಲಮೆಲ್ಲನೆ ಕೆಳಗಿಳಿದರೆ ಎಲ್ಲಿಯೋ ಸೋರಿಕೆಯಿದೆ. ಹೊರಗೆ ತೇವವಿಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸವೆದಿರುವ ಸಂಭವ ಹೆಚ್ಚು. ಹತ್ತಿಯ ದಿಂಬಿನಂತೆ ಮೆತ್ತಗಾಗಿದ್ದರೆ ನಳಿಗೆಯಲ್ಲಿ ಗಾಳಿ ಸೇರಿದೆಯೆಂದು ತಿಳಿಯಬೇಕು.

ಬ್ರೇಕಿನ ಎಣ್ಣೆಯು ಗಾಳಿಯಲ್ಲಿರುವ ತೇವವನ್ನು ಹೀರುವ ಸ್ವಭಾವದ್ದು. ನೀರು ಸೇರಿದ ಎಣ್ಣೆ ಬೇಗ ಕುದಿಯುವುದು. ಘಟ್ಟವನ್ನಿಳಿಯುವಾಗ ಎಡೆಬಿಡದೆ ಬ್ರೇಕು ಒತ್ತಿದರೆ ಚಕ್ರದ ಕಾವಿಗೆ ಆ ಎಣ್ಣೆ ಕುದಿದು ಆವಿಯಾಗಿ, ಪೆಡಲು ನೆಲಕ್ಕೆ ಹೋದರೂ ಗಾಡಿ ನಿಲ್ಲದು. ಮಲೆನಾಡಿನ ತೇವದಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಇದನ್ನು ಪೂರ್ತಿಯಾಗಿ ಬದಲಿಸುವುದು ಅವಶ್ಯ. ಎಂಜಿನಿನ ಎಣ್ಣೆಯನ್ನು ಇದರಲ್ಲಿ ಒಂದು ತೊಟ್ಟೂ ಬೆರಸಕೂಡದು. ಒಳಗಿನ ರಬ್ಬರುಗಳು ಉಬ್ಬಿ ಕೆಡುವುವು. ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಹಾಕಿ ಎಂಜಿನಿನ ತಡೆಯಿಂದಲೇ ಇಳಿಯುವುದು ಬ್ರೇಕಿನ ಆಯುಷ್ಯವನ್ನೂ ನಮ್ಮ ಆಯುಷ್ಯವನ್ನೂ ಕಾಪಾಡುವ ಉಪಾಯ.

ಡ್ರಮ್ಮನ್ನು ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಊದಬಾರದು. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಘಾತಕವಾದ ಆಸ್‌ಬೆಸ್ಟಾಸ್ ಇರುವ ಸಂಭವವುಂಟು. ಒದ್ದೆಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ಕಟ್ಟಿ ಬಿಸಾಡುವುದೇ ಸರಿ. ಲೈನಿಂಗು ಹಾಕುವುದು, ಸಿಲಿಂಡರು ಬದಲಿಸುವುದು ಮುಂತಾದುವನ್ನು ನುರಿತ ಮಿಸ್ತ್ರಿಯಿಂದಲೇ ಮಾಡಿಸಿರಿ. ಪರೀಕ್ಷಿಸುವ ಕಣ್ಣು ಮಾತ್ರ ನಿಮ್ಮದಾಗಿರಲಿ.

ತಿರುಗಿಸುವ ಅಂಗ. ಒಬ್ಬರು ಒಳಗೆ ಕುಳಿತು ಸ್ಟೀರಿಂಗನ್ನು ಅತ್ತಿತ್ತ ಸ್ವಲ್ಪಸ್ವಲ್ಪವೇ ಆಡಿಸಲಿ. ಇನ್ನೊಬ್ಬರು ಮುಂದಿನ ಸಲಾಕೆಗಳ ಕೀಲುಗಳನ್ನು ನೋಡಲಿ. ಯಾವ ಕೀಲು ಆಡಿದರೂ ಅದರ ಮುಂದಿನದು ಅಲುಗದೋ ಅಲ್ಲಿಯೇ ಸವಕಳಿ. ಅನಂತರ ಮುಂದಿನ ಚಕ್ರವನ್ನು ನೆಲದಿಂದೆತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಜಗ್ಗಿ ನೋಡಿರಿ. ಕಟಕಟವೆಂದರೆ ಬೇರಿಂಗಾಗಲಿ ಕಿಂಗ್‌ಪಿನ್ನಾಗಲಿ ಸಡಿಲವಾಗಿದೆ. ಗ್ರೀಸಿನ ಮೊಲೆಗಳಿರುವ ಕಡೆಯಲ್ಲೆಲ್ಲ, ಎಂದರೆ ಸ್ಪ್ರಿಂಗಿನ ಕೊಂಡಿಗಳು, ಸಲಾಕೆಯ ಕೀಲುಗಳು, ಪ್ರೊಪೆಲ್ಲರ್ ಷಾಫ್ಟಿನ ಕ್ರಾಸುಗಳು ಇವಕ್ಕೆಲ್ಲ, ಮೊದಲು ಮೊಲೆಯನ್ನು ಬಟ್ಟೆಯಿಂದ ಒರಸಿ, ಆಮೇಲೆ ಗನ್ನಿನಿಂದ ಗ್ರೀಸು ಕೊಡಬೇಕು. ಒರಸದೆ ಒತ್ತಿದರೆ ಮಣ್ಣನ್ನೇ ಒಳಗೆ ನುಗ್ಗಿಸಿದಂತಾಯಿತು.

ದಾರಿ ತೋರಿಸುವ ಅಂಗ. ಹಳೆಯ ಜೀಪಿನ ದೀಪ ಮಂಕೆಂದು ಎಲ್ಲರೂ ದೂರುವರು; ತಪ್ಪು ಬಹುಶಃ ದೀಪದ್ದಲ್ಲ, ತಂತಿಯದು. ವಿದ್ಯುತ್ತೆಲ್ಲವೂ ತೆಳ್ಳನೆಯ ಹಳೆಯ ತಂತಿಯಲ್ಲಿ ಸ್ವಿಚ್ಚಿನವರೆಗೆ ಬಂದು ಮತ್ತೆ ದೀಪಕ್ಕೆ ಹೋಗುವಷ್ಟರಲ್ಲಿ ಅದರ ಒತ್ತಡವು ಕುಗ್ಗುವುದು. ತಂತಿಯೆಳೆಯ ಬಲ್ಬಿನಲ್ಲಿ ವೋಲ್ಟೇಜು ನೂರಕ್ಕೆ ೧೦ ಪಾಲು ಇಳಿದರೆ ಬೆಳಕು ನೂರಕ್ಕೆ ಸುಮಾರು ೩೦ ಪಾಲು ಇಳಿಯುವುದು. ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ತಂತಿಯನ್ನು ನೇರವಾಗಿ ದೀಪಕ್ಕೆಳೆದು, ನಡುವೆ ರಿಲೇ ಹಾಕಿಸಿದರೆ, ಹಳೆಯ ಸ್ವಿಚ್ಚು ರಿಲೇಯನ್ನು ಮಾತ್ರ ಎಬ್ಬಿಸುವುದು. ಅದೇ ಬಲ್ಬು ಹೊಸ ಕಣ್ಣು ಪಡೆಯುವುದು. ಎದುರಿಗೆ ಬರುವವರ ಕಣ್ಣನ್ನೂ ಕುಕ್ಕದು. ಅಲ್ಪ ವೆಚ್ಚದಲ್ಲಿ ಇದಕ್ಕಿಂತ ಉಪಯುಕ್ತವಾದ ಸುಧಾರಣೆಯನ್ನು ನಾವು ಕಾಣೆವು. ಬ್ಯಾಟರಿಯಿಂದ ಚೌಕಟ್ಟಿಗೂ ಚೌಕಟ್ಟಿನಿಂದ ಎಂಜಿನಿಗೂ ಇರುವ ಅರ್ತಿಂಗ್ ಪಟ್ಟಿಗಳ ತುದಿಗಳನ್ನು ಉಜ್ಜಿ ಬಿಗಿಮಾಡುವುದನ್ನೂ ಮರೆಯಬಾರದು.

ಓಡಿಸುವ ಅಂಗ. ಎಂಜಿನಿನ ಎಣ್ಣೆಯನ್ನು ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು ಅಳೆಯಬೇಕು. ರೇಡಿಯೇಟರಿನ ಮುಚ್ಚಳವನ್ನು ಬಿಸಿಯಿರುವಾಗ ತೆರೆಯಲೇಬಾರದು. ಒತ್ತಡದಲ್ಲಿದ್ದ ನೀರು ಚಿಮ್ಮಿ ಮುಖವನ್ನು ಸುಡುವುದು. ಬಾವಿಯ ಗಡಸು ನೀರನ್ನು ತುಂಬಿದರೆ, ಕಾಫಿಯ ಪಾತ್ರೆಯ ತಳದಲ್ಲಿ ಕಟ್ಟುವ ಕರಟದಂತೆ ಅಲ್ಲಿಯೂ ಕಟ್ಟಿ ತಂಪಾಗದಂತಾಗುವುದು. ಆದಕಾರಣ ಕೂಲೆಂಟು ಬೆರಸಿದ ಶುದ್ಧೀಕರಿಸಿದ ನೀರೇ ಯೋಗ್ಯ. ಡೀಸೆಲ್ ಗಾಡಿಯಾದರೆ ಇಂಧನದ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಆಗಾಗ ಬಸಿದುಬಿಡಬೇಕು.

ಹಳ್ಳ ದಾಟುವವರು ಒಂದು ಸೂಕ್ಷ್ಮವನ್ನು ತಿಳಿದಿರಬೇಕು. ಓಡಿ ಬಿಸಿಯಾದ ಅಚ್ಚಿನ ಹೌಸಿಂಗು ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಉಸಿರುಗಂಡಿಯ ಮೂಲಕವೂ ಸವೆದ ಸೀಲುಗಳ ಮೂಲಕವೂ ನೀರನ್ನು ಒಳಗೆಳೆದುಕೊಳ್ಳುವುದು. ದಾಟಿದ ಮರುದಿನ ಡಿಫರೆನ್ಷಿಯಲಿನ ಎಣ್ಣೆಯನ್ನು ಸ್ವಲ್ಪ ತೆಗೆದು ನೋಡಿದರೆ ತಿಳಿಯುವುದು: ಹಾಲು ಬೆರೆತ ಕಾಫಿಯ ಬಣ್ಣವಾಗಿದ್ದರೆ ನೀರು ಸೇರಿದೆ, ತಡಮಾಡದೆ ಬದಲಿಸತಕ್ಕದ್ದು. ಆ ಉಸಿರುಗಂಡಿಗೆ ಒಂದು ರಬ್ಬರು ನಳಿಗೆಯನ್ನು ಜೋಡಿಸಿ, ಎಂಜಿನಿನ ಮನೆಯ ಮೇಲ್ಭಾಗದವರೆಗೆ ಒಯ್ದು ಕಟ್ಟಿದರೆ ಅದು ನೀರಿಗೆ ಬದಲಾಗಿ ಗಾಳಿಯನ್ನೇ ಉಸಿರಾಡುವುದು. ದಾಟಿದ ಕೂಡಲೆ ಬ್ರೇಕನ್ನು ಹಗುರವಾಗಿ ಒತ್ತುತ್ತ ಮೆಲ್ಲಗೆ ಸ್ವಲ್ಪ ದೂರ ಹೋಗಿರಿ. ಡ್ರಮ್ಮಿನೊಳಗೆ ತೇವವಿರುವ ತನಕ ಬ್ರೇಕು ಹಿಡಿಯದು.

ನಾಲ್ಕು ಚಕ್ರಗಳ ಎಳೆತವನ್ನು ಡಾಂಬರು ರಸ್ತೆಯ ಮೇಲೆ ಹಾಕುವ ಅಭ್ಯಾಸ ಕೆಲವರಿಗುಂಟು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತನ್ನು ಸುತ್ತುವುವು. ಈ ವ್ಯತ್ಯಾಸವನ್ನು ಹೊಂದಿಸಿಕೊಡುವ ಏರ್ಪಾಡು ಈ ಗಾಡಿಗಳ ನಡುವಿನ ಪೆಟ್ಟಿಗೆಯಲ್ಲಿಲ್ಲ. ಕೆಸರಿನಲ್ಲಿ ಚಕ್ರ ಜಾರಿ ಸರಿಹೋಗುವುದು. ಗಟ್ಟಿ ನೆಲದಲ್ಲಿ ಜಾರದೆ, ಹಲ್ಲುಗಳೂ ಕ್ರಾಸುಗಳೂ ತಿರುಚಲ್ಪಡುವುವು. ಇದೇ ಕಾರಣದಿಂದ ನಾಲ್ಕು ಟೈರುಗಳೂ ಒಂದೇ ಅಳತೆಯವಾಗಿರಬೇಕು. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತೊಂದಿರುವುದು. ‘೨೩೧೯’ ಎಂದಿದ್ದರೆ ೨೦೧೯ರ ೨೩ನೆಯ ವಾರದಲ್ಲಿ ತಯಾರಾದುದೆಂದರ್ಥ. ಹೊರಮೈ ಚೆನ್ನಾಗಿದ್ದರೂ ಮುದಿಯಾದ ಟೈರು ನಂಬಿಕೆಗೆ ತಕ್ಕುದಲ್ಲ.

ಸಲ್ಲುವ ಸುಧಾರಣೆ, ಸಲ್ಲದ ಸುಧಾರಣೆ. ಸೊಂಟದ ಪಟ್ಟಿಗಳಿಲ್ಲದ ಗಾಡಿಗೆ ಅವನ್ನು ಹಾಕಿಸುವುದು ಮೊದಲ ಸುಧಾರಣೆ. ಆದರೆ ತುಕ್ಕು ತಿಂದ ನೆಲದ ತಗಡಿಗೆ ಬಿಗಿದ ಪಟ್ಟಿ ಅಪಘಾತದಲ್ಲಿ ತಗಡಿನ ಸಮೇತ ಕಿತ್ತುಬರುವುದು. ಗಟ್ಟಿಯಾದ ಆಧಾರಕ್ಕೆ ಬಿಗಿಸತಕ್ಕದ್ದು. ಮಳೆಗಾಲ ಮುಗಿದೊಡನೆ ತಳವನ್ನು ತೊಳೆದು, ನೀರು ಬಸಿಯುವ ತೂತುಗಳ ಮಣ್ಣು ತೆಗೆದು, ತುಕ್ಕನ್ನು ಕೆರೆದು ರೆಡ್ ಆಕ್ಸೈಡ್ ಬಳಿಯುವುದು ಮನೆಯವರೆಲ್ಲ ಕೂಡಿ ಮಾಡಬಹುದಾದ ಕೆಲಸ.

ಗಾಡಿಯ ಮೂಲಸ್ವರೂಪವನ್ನು ಬದಲಿಸುವುದು ಬೇರೆ ಮಾತು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗುವ ಮಾರ್ಪಾಟನ್ನು ನಿಷೇಧಿಸಿರುವುದು. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿಯಿತು. ಎಂಜಿನನ್ನು ಬದಲಿಸುವವರು ಸಾರಿಗೆ ಅಧಿಕಾರಿಗಳ ಅನುಮತಿಯನ್ನು ಮೊದಲೇ ಪಡೆಯಬೇಕು. ಮುಂಭಾಗಕ್ಕೆ ಕಬ್ಬಿಣದ ದಪ್ಪ ತಡೆಗಂಬಿ ಕಟ್ಟುವುದರ ವಿರುದ್ಧ ೨೦೧೭ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಸೂಚನೆಯಿತ್ತಿತು. ದಾರಿಹೋಕನಿಗೆ ಅದರಿಂದಾಗುವ ಪೆಟ್ಟು ಘೋರವಾದುದು. ಹದಿನೈದು ವರ್ಷ ಕಳೆದ ಸ್ವಂತ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಾದುದರಿಂದ, ಕಾನೂನಿಗೆ ಸಲ್ಲದ ಅಲಂಕಾರವು ಪರೀಕ್ಷೆಯ ದಿನ ತಲೆನೋವಾಗುವುದು.

ಕೆಲಸಕ್ಕೆ ತೊಡಗುವ ಮುನ್ನ. ಜ್ಯಾಕೊಂದನ್ನೇ ನಂಬಿ ಗಾಡಿಯ ಕೆಳಗೆ ತಲೆಯಿಡುವುದು ಮೃತ್ಯುವಿಗೆ ಆಹ್ವಾನವಿತ್ತಂತೆ. ಗಟ್ಟಿ ನೆಲದಲ್ಲಿ ನಿಲ್ಲಿಸಿ, ನೆಲದಲ್ಲಿರುವ ಚಕ್ರಗಳಿಗೆ ಅಡ್ಡ ಕೊಟ್ಟು, ಎತ್ತಿದ ಅಚ್ಚಿನ ಕೆಳಗೆ ಕಬ್ಬಿಣದ ಸ್ಟ್ಯಾಂಡನ್ನಿಟ್ಟ ಮೇಲೆಯೇ ಕೈಹಾಕಿರಿ, ಮಕ್ಕಳು ದೂರದಲ್ಲಿರಲಿ. ಬಸಿದ ಹಳೆಯ ಎಣ್ಣೆಯನ್ನು ಬಚ್ಚಲಿಗೂ ಹಳ್ಳಕ್ಕೂ ಚೆಲ್ಲಬೇಡಿರಿ. ಅದೇ ನೀರು ಕೆಳಗಿನ ಮನೆಯವರ ಬಾವಿಗೆ ಇಳಿಯುವುದು. ಡಬ್ಬದಲ್ಲಿ ಕೂಡಿಟ್ಟು ಅದನ್ನು ಸಂಗ್ರಹಿಸುವವರಿಗೆ ಕೊಡಿರಿ.

ಮನೆಯ ಲೆಕ್ಕದ ಪುಸ್ತಕದಲ್ಲಿ ಜೀಪಿಗೂ ನಾಲ್ಕು ಹಾಳೆಗಳನ್ನು ಮೀಸಲಿಡಿರಿ. ಎಣ್ಣೆ ಬದಲಿಸಿದ ದಿನ, ಓಡಿದ ಮೈಲಿ, ಹಾಕಿಸಿದ ಬಿಡಿಭಾಗ, ತೆತ್ತ ಹಣ, ಎಲ್ಲವನ್ನೂ ಬರೆದಿಟ್ಟರೆ ಮಿಸ್ತ್ರಿಯು ಕೇಳಿದ ಪ್ರಶ್ನೆಗೆ ಉತ್ತರವೂ, ಆತನು ಹೇಳಿದ ಲೆಕ್ಕಕ್ಕೆ ತಾಳೆಯೂ ದೊರೆಯುವುದು. ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರವನ್ನು ಬ್ರೇಕು, ಸ್ಟೀರಿಂಗು, ದೀಪ ಈ ಮೂರರ ಪರೀಕ್ಷೆಗೆ ಮುಡಿಪಾಗಿಡುವ ಮನೆಯವರು, ಮಳೆಯ ರಾತ್ರಿಯಲ್ಲಿ ನೆರೆಮನೆಯವರು ಬಂದು ಬಾಗಿಲು ತಟ್ಟಿದಾಗ ಅಳುಕಿಲ್ಲದೆ ಕೀಲಿಯನ್ನು ಕೈಗೆತ್ತಿಕೊಳ್ಳಬಲ್ಲರು.