ಲಾಯರಿಗೆ ದುಡ್ಡು ಕೊಡುವುದು ಯಾವುದಕ್ಕೆ?
ಟೊರೊಂಟೊದಲ್ಲಿ ನೆಲೆಸಿರುವ ಕನ್ನಡದ ಗೆಳೆಯರೊಬ್ಬರು ಈ ವಾರ ಫೋನ್ ಮಾಡಿ, ಅಮೆರಿಕದ ಪ್ರವೇಶ ವಿನಾಯ್ತಿಗೆ ಲಾಯರ್ ಹಿಡಿಯಲೇಬೇಕಾ ಎಂದು ಕೇಳಿದರು. ಕೆನಡಾ 2018ರಲ್ಲೇ ಗಾಂಜಾವನ್ನು ಕಾನೂನುಬದ್ಧ ಮಾಡಿತು, ನಿಜ. ಆದರೆ ಅವರ ಕಾಲೇಜು ದಿನಗಳ ಗಾಂಜಾ ಕೇಸೊಂದು ಬಫಲೊ ಗಡಿಯ ಕಂಪ್ಯೂಟರಿನಲ್ಲಿ ಇನ್ನೂ ಜೀವಂತ. ಕೆನಡಾ ಕೊಟ್ಟ ಮಾಫಿಗೂ ಅಲ್ಲಿ ಬೆಲೆಯಿಲ್ಲ. ಆಗ ವಿನಾಯ್ತಿ ಕೇಳುವ ಐ-192 ಅರ್ಜಿಯೇ ಗತಿ. ಅದನ್ನು ತುಂಬುವುದೇನು ಮಹಾ ವಿದ್ಯೆ? ನಮ್ಮ ತಾಲ್ಲೂಕು ಕಚೇರಿ ಮುಂದೆ ಕೂರುವ ಅರ್ಜಿ ಬರೆಯುವವರೂ ತುಂಬಿಯಾರು. ಅಧಿಕಾರಿ ತೂಗುವುದು 1978ರ ಹ್ರಾಂಕಾ ಎಂಬ ಅಮೆರಿಕದ ವಲಸೆ ತೀರ್ಪಿನ ಮೂರು ಪ್ರಶ್ನೆಗಳನ್ನು: ಇವನಿಂದ ಅಪಾಯವಿದೆಯೇ, ತಪ್ಪು ಎಷ್ಟು ಗಂಭೀರ, ಬರುವ ಕಾರಣವೇನು. ಅರ್ಜಿಯ ಜೊತೆ ಇಡುವ ಪಶ್ಚಾತ್ತಾಪದ ಪತ್ರವನ್ನು ಲಾಯರ್ ಬರೆದರೆ ಅದರಲ್ಲಿ ಲಾಯರೇ ಕಾಣುತ್ತಾರೆ, ತಪ್ಪು ಮಾಡಿದವನಲ್ಲ. ಲಾಯರ್ ನಿಜಕ್ಕೂ ಬೇಕಾಗುವುದು ಅದಕ್ಕೂ ಮೊದಲು, ವಿನಾಯ್ತಿ ಬೇಕೋ ಬೇಡವೋ ಎಂದು ಹೇಳಲು. ಕುಡಿದು ಗಾಡಿ ಓಡಿಸಿದ ಒಂದೇ ಕೇಸಿಗೆ ಅಮೆರಿಕ ಸಾಮಾನ್ಯವಾಗಿ ಬಾಗಿಲು ಮುಚ್ಚುವುದಿಲ್ಲ. ಆದ್ದರಿಂದ ಸಲಹೆಗೆ ಫೀಸು ಕೊಡಿ, ಪತ್ರ ನೀವೇ ಬರೆಯಿರಿ. ಗ್ಯಾರಂಟಿ ಕೊಡುವ ಲಾಯರ್ ಸಿಕ್ಕರೆ ಎದ್ದು ಬನ್ನಿ. ಮಂಜೂರಾದ ವಿನಾಯ್ತಿಯೂ ಹೆಚ್ಚೆಂದರೆ 5 ವರ್ಷದ್ದು.