ಬೊಂಬೆಯೂ ರೋಗಿಯೂ

ಖೋಟಾ ನೋಟನ್ನು ಗುರುತಿಸಲು ಸುತ್ತೋಲೆ ಓದಿಯೇ ಕಲಿತ ಕ್ಯಾಷಿಯರನನ್ನು ನಮ್ಮ ಬ್ಯಾಂಕಿನಲ್ಲಿ ನಾನು ಕಂಡಿಲ್ಲ. ಅದು ಎಣಿಸಿ ಎಣಿಸಿ ಪಳಗಿದ ಬೆರಳಿಗೆ ಒಲಿಯುವ ವಿದ್ಯೆ. ವೈದ್ಯವಿದ್ಯೆಯೂ ಬಹುಮಟ್ಟಿಗೆ ಅಂತಹುದೇ. ನಾನು ವೈದ್ಯನಲ್ಲ, ಎಂದಾದರೊಮ್ಮೆ ರೋಗಿಯಾಗುವವನಾಗಿ ಈ ಮಾತು ಬರೆಯುತ್ತಿದ್ದೇನೆ.

2020ರ ಮಾರ್ಚಿನಲ್ಲಿ ಕೋವಿಡ್ ನಿಮಿತ್ತ ವೈದ್ಯಕೀಯ ಕಾಲೇಜುಗಳು ಮುಚ್ಚಿದಾಗ ಪಾಠಗಳು ಮೊಬೈಲಿನ ಪರದೆಗೆ ಬಂದವು. ಹೃದಯದ ಮರ್ಮರಧ್ವನಿಯನ್ನು ಪರದೆ ಕೇಳಿಸೀತು. ಊದಿದ ಯಕೃತ್ತಿನ ಅಂಚು ಬೆರಳಿಗೆ ತಗಲುವ ಅನುಭವವನ್ನು ಕೊಟ್ಟೀತೇ? ಅನೇಕ ವಾರ್ಡುಗಳು ಕೋವಿಡ್ಡಿಗೇ ಮೀಸಲಾದುದರಿಂದ ಇತರ ರೋಗಿಗಳ ಬಳಿ ನಿಂತು ಕಲಿಯುವ ಅವಕಾಶವೂ ಕುಗ್ಗಿತು.

2019ರಲ್ಲಿ ಜಾರಿಗೆ ಬಂದ ಹೊಸ ಪಠ್ಯಕ್ರಮವು ಕಾಲೇಜುಗಳಲ್ಲಿ ಕೌಶಲ ಪ್ರಯೋಗಾಲಯವಿರಬೇಕೆಂದು ವಿಧಿಸಿದೆ. ಸೂಜಿ ಚುಚ್ಚುವುದನ್ನೂ ಹೊಲಿಗೆ ಹಾಕುವುದನ್ನೂ ಅಲ್ಲಿ ಬೊಂಬೆಯ ಮೇಲೆ ಮೊದಲು ಕಲಿಯುವುದು ಒಳ್ಳೆಯದೇ. ಆದರೆ ಬೊಂಬೆಗೆ ನೋವಿಲ್ಲ, ಅಂಜಿಕೆಯಿಲ್ಲ. ಅಂಜಿದವನಿಗೆ ಧೈರ್ಯ ಹೇಳುತ್ತಾ ಪರೀಕ್ಷಿಸುವುದನ್ನು ರೋಗಿಯ ಹಾಸಿಗೆಯ ಬಳಿಯೇ ಕಲಿಯಬೇಕು.

ಮುಂದೆ ಇಂತಹ ಸಾಂಕ್ರಾಮಿಕ ಬಂದರೆ, ಸಣ್ಣ ತಂಡಗಳನ್ನು ಮಾಡಿ, ರಕ್ಷಣೆಯ ಉಡುಪು ತೊಡಿಸಿ, ಸೋಂಕಿಲ್ಲದ ವಾರ್ಡುಗಳಲ್ಲಿ ಕಲಿಕೆಯನ್ನು ಮುಂದುವರಿಸಬೇಕು. ತಪ್ಪಿದ ದಿನಗಳನ್ನು ಬಾಕಿಯೆಂದು ಬರೆದಿಟ್ಟು ಪದವಿಗೆ ಮುನ್ನ ತುಂಬಿಸಬೇಕು. ಸಾಲದ ಬಾಕಿಯನ್ನು ಮನ್ನಾ ಮಾಡಬಹುದು. ಈ ಬಾಕಿಯನ್ನು ಮನ್ನಾ ಮಾಡಿದರೆ ಕೊನೆಗೆ ತೆರಬೇಕಾದವನು ರೋಗಿಯೇ.