ಗೋಡೆ ಒಡೆಯೋ ಮುಂಚೆ ಒಂದು ಕಾಗದ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂತ ಗಾದೆ ಮಾಡಿದವರು ಹಳೇ ಮನೆ ರಿಪೇರಿ ಮಾಡಿಸಿರಲಿಲ್ಲ ಅಂತ ಕಾಣುತ್ತೆ. ಹೊಸ ಮನೆಯಾದರೆ ಖಾಲಿ ಸೈಟು, ಕೈಯಲ್ಲಿ ಪ್ಲಾನು. ಹಳೇ ಮನೆಯಲ್ಲಿ ಅಪ್ಪ-ಅಮ್ಮ ಒಳಗೇ ಇರುತ್ತಾರೆ, ಅಡುಗೆ ನಡೆಯುತ್ತಲೇ ಇರುತ್ತೆ, ಗೋಡೆಯೊಳಗೆ ಏನಿದೆ ಅಂತ ಒಡೆಯುವವರೆಗೂ ಯಾರಿಗೂ ಗೊತ್ತಿರಲ್ಲ.

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಕಡೆಯ ಎಷ್ಟೋ ಮಕ್ಕಳು ಈಗ ಈ ಕೆಲಸಕ್ಕೆ ಕೈ ಹಾಕುತ್ತಿದ್ದಾರೆ. ಆಫೀಸು ವೈಟ್‌ಫೀಲ್ಡ್‌ನಲ್ಲೋ ಪೀಣ್ಯದಲ್ಲೋ ಇರುತ್ತೆ. ಊರ ಮನೆಗೆ ಒಂದು ಅಟ್ಯಾಚ್ಡ್ ಬಾತ್‌ರೂಮ್, ಮೇಲೊಂದು ರೂಮು, ಅಮ್ಮನಿಗೆ ಸರಿಯಾದ ಅಡುಗೆಮನೆ ಬೇಕು. ದುಡ್ಡು ಫೋನಿಂದ ಹೋಗುತ್ತೆ, ಕೆಲಸ ಅಲ್ಲಿ ನಡೆಯುತ್ತೆ. ಮನೆಯಲ್ಲಿ ವಾದ ಶುರುವಾಗೋದು ಮಾತ್ರ ಒಂದೇ ವಿಷಯಕ್ಕೆ: ಅಪ್ಪನಿಗೆ ಮೂವತ್ತು ವರ್ಷದಿಂದ ಗೊತ್ತಿರುವ ಮೇಸ್ತ್ರಿಯೋ, ಮಗಳು ಇನ್‌ಸ್ಟಾಗ್ರಾಂನಲ್ಲಿ ನೋಡಿದ ಬೆಂಗಳೂರಿನ ಕಂಪನಿಯೋ?

ಇಬ್ಬರಲ್ಲೂ ಒಳ್ಳೆಯವರಿದ್ದಾರೆ, ಇಬ್ಬರಲ್ಲೂ ಕೈಕೊಡುವವರಿದ್ದಾರೆ. ನೋಡಬೇಕಾದ್ದು ಇಷ್ಟೇ: ಏನು ಮಾಡ್ತೀನಿ, ಎಷ್ಟಕ್ಕೆ ಮಾಡ್ತೀನಿ, ಯಾವಾಗ ಮುಗಿಸ್ತೀನಿ ಅಂತ ಗೋಡೆಗೆ ಸುತ್ತಿಗೆ ಬೀಳುವ ಮುಂಚೆ ಬರೆದುಕೊಡೋರು ಯಾರು? ಗೋಡೆ ಒಡೆದ ಮೇಲೆ ಚೌಕಾಸಿಯ ಶಕ್ತಿ ನಿಮ್ಮ ಕೈಲಿರಲ್ಲ. ಬಚ್ಚಲಿಲ್ಲದ ಮನೆಯಲ್ಲಿ ಅಪ್ಪ-ಅಮ್ಮನನ್ನು ಎಷ್ಟು ದಿನ ಇಡ್ತೀರಿ? ಅವರು ಕೇಳಿದಷ್ಟು ಕೊಡಲೇಬೇಕಾಗುತ್ತೆ.

ಮನೆ ಓದೋಕೆ ಬರುತ್ತಾ?

ನಮ್ಮ ಕಡೆಯ ಹಳೇ ಮನೆಗಳು ಒಂದೇ ಥರ ಇಲ್ಲ. ಸೈಜುಗಲ್ಲಿನ ಗೋಡೆಗೆ ಮಣ್ಣಿನ ಗಾರೆ, ಮೇಲೆ ಕಲ್ಲು ಚಪ್ಪಡಿ ಹಾಸಿದ ಮನೆಗಳಿವೆ. ಅಲ್ಲಿ ಪಿಲ್ಲರ್ ಇರಲ್ಲ, ಇಡೀ ಭಾರ ಗೋಡೆ ಮೇಲೆ. ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಓಡಿದ ಮನೆಗಳಿವೆ; ವರ್ಷಗಟ್ಟಲೆ ಮಗ್ಗದ ಅದುರು ತಿಂದ ಗೋಡೆ, ನೆಲ. ಆ ಮಗ್ಗದ ಹಾಲನ್ನೇ ಈಗ ಬೆಡ್‌ರೂಮ್ ಮಾಡಬೇಕು ಅಂದರೆ ಬಣ್ಣ, ಟೈಲ್ಸ್ ವಿಚಾರಕ್ಕೆ ಮುಂಚೆ ಬಿರುಕು ಯಾಕೆ ಬಂದಿದೆ ಅಂತ ನೋಡಬೇಕು.

ಹಾಗಾಗಿ ನೋಡೋಕೆ ಬಂದ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಹಾಕಿ: ‘ಈ ಗೋಡೆ ತೆಗೆದು ಹಾಲ್ ದೊಡ್ಡದು ಮಾಡಬಹುದಾ?’ ಕೆಲಸ ಗೊತ್ತಿರುವವರು ಗೋಡೆಯ ದಪ್ಪ ಅಳೀತಾರೆ, ಮೇಲೆ ಹತ್ತಿ ಏನಿದೆ ಅಂತ ನೋಡ್ತಾರೆ, ‘ಎಂಜಿನಿಯರ್‌ನ ಒಂದ್ಸಲ ಕೇಳೋಣ’ ಅಂತಾರೆ. ‘ಏನೂ ಆಗಲ್ಲ ಸರ್, ತೆಗೆಯೋಣ’ ಅಂತ ನಿಂತಲ್ಲೇ ಹೇಳಿದವರಿಗೆ ಕಾಫಿ ಕೊಟ್ಟು ಕಳಿಸಿಬಿಡಿ.

ಮಹಡಿ ಹಾಕೋದಾದರೆ ಇನ್ನೂ ಹುಷಾರು. ‘ಆವತ್ತೇ ಪಿಲ್ಲರ್ ಕಂಬಿ ಮೇಲಕ್ಕೆ ಬಿಟ್ಟಿದೀವಲ್ಲ’ ಅನ್ನೋದು ಭರವಸೆಯಲ್ಲ. ಹತ್ತು-ಹದಿನೈದು ವರ್ಷ ಮಳೆಯಲ್ಲಿ ನೆನೆದ ಕಂಬಿ ತುಕ್ಕು ಹಿಡಿದಿರುತ್ತೆ. ಕೆಳಗಿನ ಪಾಯ ಇನ್ನೊಂದು ಮಹಡಿ ಹೊರುತ್ತಾ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ನೋಡಿಯೇ ಹೇಳಬೇಕು. ಕಂಟ್ರಾಕ್ಟರ್ ಜೊತೆ ಸಂಬಂಧವಿಲ್ಲದ ಎಂಜಿನಿಯರ್‌ಗೆ ನೀವೇ ಫೀಸು ಕೊಟ್ಟು ಕರೆಸಿ. ಇಡೀ ಕೆಲಸದಲ್ಲಿ ಇಷ್ಟು ಉಪಯೋಗಕ್ಕೆ ಬರುವ ಖರ್ಚು ಇನ್ನೊಂದಿಲ್ಲ.

ಚದರದ ಲೆಕ್ಕ ಇಲ್ಲಿ ನಡೆಯಲ್ಲ

ಹೊಸ ಮನೆಗೆ ನಮ್ಮಲ್ಲಿ ‘ಚದರಕ್ಕೆ ಇಷ್ಟು’ ಅಂತ ಮಾತಾಡ್ತೀವಿ. ಒಂದು ಚದರ ಅಂದ್ರೆ 100 ಚದರ ಅಡಿ. ರಿಪೇರಿ ಕೆಲಸಕ್ಕೆ ಈ ಲೆಕ್ಕ ಹಾಕಿದರೆ ಜಗಳ ಗ್ಯಾರಂಟಿ. ಹಳೇ ಪ್ಲಾಸ್ಟರ್ ಕೀಳೋದು, ಒಡೆದ ಮಣ್ಣು-ಇಟ್ಟಿಗೆ ಸಾಗಿಸೋದು ಯಾವ ಚದರದಲ್ಲಿ ಬರುತ್ತೆ?

ಐಟಂ ಪ್ರಕಾರ ಪಟ್ಟಿ ಕೇಳಿ. ಒಡೆಯೋದಕ್ಕೆ ಇಷ್ಟು, ಸಾಗಿಸೋದಕ್ಕೆ ಇಷ್ಟು, ಪ್ಲಾಸ್ಟರ್ ಮತ್ತು ಟೈಲ್ಸ್ ಅಡಿ ಲೆಕ್ಕ, ಕರೆಂಟು ಪಾಯಿಂಟ್ ಲೆಕ್ಕ, ಬಾತ್‌ರೂಮಿನ ವಾಟರ್‌ಪ್ರೂಫಿಂಗ್ ಬೇರೆ. ಒಂದೇ ಪಟ್ಟಿಯನ್ನು ಮೂರು ಜನಕ್ಕೆ ಕೊಟ್ಟು ರೇಟು ಬರೆಸಿ. ಒಬ್ಬರ ರೇಟು ತೀರಾ ಕಡಿಮೆ ಬಂದರೆ ಖುಷಿಪಡುವ ಮುಂಚೆ ಏನು ಬಿಟ್ಟಿದ್ದಾರೆ ಅಂತ ಹುಡುಕಿ.

ಬರೀ ಲೇಬರ್ ಕಂಟ್ರಾಕ್ಟಾ, ಮೆಟೀರಿಯಲ್ ಸೇರಿನಾ ಅನ್ನೋದೂ ಕಾಗದದಲ್ಲಿರಲಿ. ಮೆಟೀರಿಯಲ್ ಅವರದೇ ಆದರೆ ಸಿಮೆಂಟ್ ಯಾವ ಬ್ರ್ಯಾಂಡ್, ಕಂಬಿಗೆ ಐಎಸ್ 1786 ಗುರುತು ಇದೆಯಾ ಅಂತ ಬರೆಸಿ. ಸಿಮೆಂಟ್ ಮೂಟೆ ಮೇಲೆ ಯಾವ ವಾರ, ಯಾವ ವರ್ಷ ತಯಾರಾಯಿತು ಅಂತ ಇರುತ್ತೆ. ಮೂರು ತಿಂಗಳಿಗಿಂತ ಹಳೆಯದಾದರೆ ವಾಪಸ್ ಕಳಿಸಿ. ಎಂ-ಸ್ಯಾಂಡ್ ಹೆಸರಲ್ಲಿ ಕ್ರಷರ್ ಡಸ್ಟ್ ಬಂದು ಬೀಳುವುದೂ ಉಂಟು. ಎಂ-ಸ್ಯಾಂಡ್‌ಗೆ ಐಎಸ್ 383 ಮಾನದಂಡ ಇದೆ, ಡಸ್ಟ್ ಅನ್ನೋದು ಜಲ್ಲಿ ಒಡೆದಾಗ ಉಳಿದ ಪುಡಿ.

ಮರೆತುಹೋಗುವ ಐಟಂ ಅಂದ್ರೆ ನೀರು. ಬೋರ್‌ವೆಲ್ ಕೈಕೊಟ್ಟರೆ ಟ್ಯಾಂಕರ್ ದುಡ್ಡು ಯಾರದು? ಕಾಂಕ್ರೀಟಿಗೆ ಕನಿಷ್ಠ 7 ದಿನ, ಪಿಪಿಸಿ ಸಿಮೆಂಟಾದರೆ 10 ದಿನ ಕ್ಯೂರಿಂಗ್ ಆಗಬೇಕು. ‘ನೀರು ಹೊಡೆಯೋದು ಯಾರು’ ಅಂತ ಬರೆಯದಿದ್ದರೆ ಕೊನೆಗೆ ಪೈಪು ಹಿಡಿದು ನಿಲ್ಲೋದು ಅಮ್ಮನೇ.

ಹಳೇ ಕೆಲಸ ನೋಡಿ ಬನ್ನಿ

ಹೋದ ತಿಂಗಳು ಮುಗಿದ ಮನೆಯ ಫೋಟೊ ಬೇಡ. ಎರಡು ಮಳೆಗಾಲ ಕಂಡ ಮನೆಯ ವಿಳಾಸ ಕೇಳಿ. ಬಾತ್‌ರೂಮಿನ ಹೊರಗೋಡೆ, ಸಜ್ಜೆಯ ಅಡಿ, ತಾರಸಿಯ ಮೂಲೆ ನೋಡಿ. ತೇವ ಇದ್ದರೆ ಅಲ್ಲೇ ಕಾಣುತ್ತೆ. ಮನೆಯವರಿಗೆ ಎರಡೇ ಪ್ರಶ್ನೆ ಸಾಕು: ಮೊದಲು ಹೇಳಿದ ರೇಟಿಗಿಂತ ಎಷ್ಟು ಜಾಸ್ತಿ ಆಯ್ತು? ಕೊನೇ ದುಡ್ಡು ತಗೊಂಡ ಮೇಲೆ ಫೋನ್ ಎತ್ತಿದರಾ?

ಮೇಸ್ತ್ರಿಗೆ ಬೇಜಾರಾಗಲ್ವಾ?

ಅಪ್ಪನ ನಿಜವಾದ ಸಂಕಟ ಇದು. ‘ನಮ್ಮೋನೇ ಕಣೋ, ಅವನ ಹತ್ರ ಸಹಿ ಹಾಕಿಸ್ಕೊಳ್ಳೋದಾ?’ ನಾಳೆ ಹಬ್ಬಕ್ಕೆ, ಮದುವೆಗೆ ಎದುರಾಗುವವರು. ಆದರೆ ಊರಲ್ಲಿ ಮಾತು ಬಿಟ್ಟವರನ್ನು ನೋಡಿ. ಎಷ್ಟೋ ಜನ ಬೇರೆಯಾದದ್ದು ‘ನಾನು ಹಾಗೆ ಹೇಳಿರಲಿಲ್ಲ’ ಅನ್ನುವ ಮಾತಿಗೇ. ಬರೆದಿಟ್ಟಿದ್ದರೆ ಆ ಮಾತಿಗೆ ಜಾಗ ಇರಲ್ಲ. ‘ಮೇಸ್ತ್ರಿ, ನಾನು ವಾರಕ್ಕೊಂದ್ಸಲ ಬರೋನು, ನಂಗೆ ನೆನಪಿರಲ್ಲ, ಬರ್ಕೊಂಡುಬಿಡೋಣ’ ಅನ್ನಿ. ತಪ್ಪು ತಿಳಿಯಲ್ಲ. ಅವರಿಗೂ ಅದು ರಕ್ಷಣೆ: ನಡುವೆ ನೀವು ‘ಇಲ್ಲೊಂದು ಕಿಟಕಿ ಇಡಿ’ ಅಂದರೆ ಅದು ಎಕ್ಸ್‌ಟ್ರಾ ಅಂತ ಅವರೂ ತೋರಿಸಬಹುದು.

ದುಡ್ಡು ಕೆಲಸದ ಹಿಂದೆ ಹೋಗಲಿ

ಅಡ್ವಾನ್ಸ್ ಶೇ 10ರ ಸುತ್ತ ಇರಲಿ. ಆಮೇಲಿನದು ಹಂತ ಹಂತವಾಗಿ, ಆ ಹಂತ ಮುಗಿದ ಮೇಲೆ. ಬಾತ್‌ರೂಮಿಗೆ ಟೈಲ್ಸ್ ಹಾಕುವ ಮುಂಚೆ 24 ಗಂಟೆ ನೀರು ನಿಲ್ಲಿಸಿ, ಸೋರಲಿಲ್ಲ ಅಂದ ಮೇಲೆ ಆ ಕಂತು ಕೊಡಿ. ಕೊನೆಯ ಶೇ 5ರಿಂದ 10ರಷ್ಟನ್ನು ಒಂದು ಒಳ್ಳೇ ಮಳೆ ನೋಡಿ ಕೊಡ್ತೀನಿ ಅಂತ ಮೊದಲೇ ಬರೆದುಕೊಳ್ಳಿ. ಯುಪಿಐನಲ್ಲಿ ಕಳಿಸುವಾಗ ‘ಪ್ಲಾಸ್ಟರ್ 2ನೇ ಕಂತು’ ಅಂತ ನೋಟ್ ಹಾಕಿ.

‘ಜಿಎಸ್‌ಟಿ ಶೇ 18 ಬೇರೆ’ ಅಂದರೆ ನೋಂದಣಿ ಸಂಖ್ಯೆ ಕೇಳಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಡಿ. ನೋಂದಣಿ ಇಲ್ಲದವರು ಜಿಎಸ್‌ಟಿ ಅಂತ ವಸೂಲಿ ಮಾಡುವ ಹಾಗಿಲ್ಲ.

ಕಾನೂನು ಎಷ್ಟು ಕಾಯುತ್ತೆ?

ಫ್ಲಾಟ್ ಕೊಂಡವರಿಗೆ ರೇರಾ ಕಾಯ್ದೆಯಲ್ಲಿ ಕಟ್ಟಡದ ದೋಷಕ್ಕೆ 5 ವರ್ಷದ ರಕ್ಷಣೆ ಇದೆ. ನಿಮ್ಮ ಸ್ವಂತ ಮನೆ ರಿಪೇರಿಗೆ ಅದು ಬರಲ್ಲ. ಎಷ್ಟು ವರ್ಷ ಗ್ಯಾರಂಟಿ ಅನ್ನೋದು ನೀವು ಬರೆಸಿಕೊಂಡಷ್ಟೇ.

ಉಳಿದಿರೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದರ ‘ಸೇವೆ’ಯಲ್ಲಿ ಮನೆ ನಿರ್ಮಾಣವೂ ಸೇರಿದೆ. ನೀವಿರುವ ಜಿಲ್ಲೆಯ ಆಯೋಗದಲ್ಲೇ 2 ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂ. ಒಳಗಿದ್ದರೆ ಶುಲ್ಕವಿಲ್ಲ. ಸಹಾಯವಾಣಿ 1915. ಆದರೆ ಅಲ್ಲಿ ಕೇಳೋದು ಒಪ್ಪಂದ, ಪೇಮೆಂಟ್ ದಾಖಲೆ, ತಾರೀಖಿರುವ ಫೋಟೊ. ಬರೀ ಕ್ಯಾಶ್, ಬರೀ ಮಾತು ಆಗಿದ್ದರೆ ಕೈಯಲ್ಲಿ ತೋರಿಸೋಕೆ ಏನಿರುತ್ತೆ?

ಮಹಡಿ ಹಾಕುವ ಮುಂಚೆ ಪಂಚಾಯಿತಿ ಅಥವಾ ನಗರಸಭೆಯಲ್ಲಿ, ಯೋಜನಾ ಪ್ರಾಧಿಕಾರದಲ್ಲಿ ಅನುಮತಿ ವಿಚಾರಿಸಿ. ‘ಅದೆಲ್ಲಾ ನಾನು ನೋಡ್ಕೋತೀನಿ’ ಅಂತ ಕಂಟ್ರಾಕ್ಟರ್ ಹೇಳಬಹುದು, ನೋಟಿಸ್ ಬರೋದು ಮನೆ ಯಜಮಾನರ ಹೆಸರಿಗೆ. ಕೆಲಸಗಾರರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯಾ ಅಂತಲೂ ಕೇಳಿ. ಸಾರುವೆ ಮೇಲಿಂದ ಯಾರಾದರೂ ಬಿದ್ದರೆ ಅವರ ಮನೆಯವರಿಗೆ ಅದು ಆಸರೆ.

ಈ ಭಾನುವಾರ ಊರಿಗೆ ಹೋದರೆ ಯಾರಿಗೂ ಫೋನ್ ಮಾಡಬೇಡಿ. ಒಂದು ನೋಟ್‌ಬುಕ್ ಹಿಡಿದು ಅಮ್ಮನ ಜೊತೆ ಮನೆ ಸುತ್ತಿ. ಎಲ್ಲಿ ಸೋರುತ್ತೆ, ಎಲ್ಲಿ ಕಾಲು ಜಾರುತ್ತೆ, ಯಾವ ಸ್ವಿಚ್ ಮುಟ್ಟಿದರೆ ಶಾಕ್ ಹೊಡೆಯುತ್ತೆ ಅಂತ ಅವರಿಗಿಂತ ಚೆನ್ನಾಗಿ ಯಾವ ಕಂಪನಿಗೂ ಗೊತ್ತಿರಲ್ಲ. ಕಂಟ್ರಾಕ್ಟರ್ ಕೈಗೆ ಕೊಡುವ ಪಟ್ಟಿಯ ಮೊದಲ ಪುಟ ಅದೇ.